ರಿವಾಲ್ವರ್ ಗುಂಡು ಎಲ್ಲಿ ಅಗ್ಗ? ಓದುಗರು ಕೇಳಿದ್ದು, ಆರ್ಮರರ್ ಹೇಳಿದ್ದು

ಮಳೆಗಾಲದ ಮೊದಲು ಕೋವಿ ಒರೆಸಿಡುವುದು ಹೇಗೆಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೋವಿಯ ಮಾತನ್ನು ಎರಡು ಸಾಲಿಗೇ ಮುಗಿಸಿ ರಿವಾಲ್ವರ್ ಗುಂಡಿಗೆ ಬಂದಿವೆ. ಹುಬ್ಬಳ್ಳಿಯಲ್ಲಿ ಎಷ್ಟು, ಶಿವಮೊಗ್ಗದಲ್ಲಿ ಎಷ್ಟು, ಗೋವೆಯಲ್ಲಿ ಕಮ್ಮಿಯಂತೆ ಹೌದೇ, ಸ್ಟಾಕ್ ಇಲ್ಲ ಅಂತಾರಲ್ಲ ಯಾಕೆ. ಆದ್ದರಿಂದ ಈ ಸಲದ ಪುಟ ಪೂರ್ತಿ ಗುಂಡಿಗೇ ಮೀಸಲು.

ಬರೆದವರ ಹೆಸರನ್ನು ನಾನೇ ತೆಗೆದಿದ್ದೇನೆ. ಮನೆಯಲ್ಲಿ ಆಯುಧ ಇದೆ ಎನ್ನುವುದು ಪತ್ರಿಕೆಯ ಮೂಲಕ ಊರಿಗೆಲ್ಲ ತಿಳಿಯಬಾರದು. ಹಾಗೆಯೇ ಅಂಗಡಿಗಳ ಹೆಸರನ್ನೂ ಬರೆಯುವುದಿಲ್ಲ. ಸೇನೆಯ ಯಂತ್ರ, ಆಯುಧ ನೋಡಿಕೊಳ್ಳುವ ಇಎಂಇ ದಳದಲ್ಲಿ 24 ವರ್ಷ ಆರ್ಮರರ್, ಅಂದರೆ ಆಯುಧ ರಿಪೇರಿಯ ಕೆಲಸ ಮಾಡಿ ಅಂಕೋಲೆಗೆ ವಾಪಸು ಬಂದವನು ನಾನು. ಆಯುಧ ರಿಪೇರಿ ಮಾಡಿ ಗೊತ್ತು, ಗುಂಡಿನ ಲೆಕ್ಕ ಇಟ್ಟು ಗೊತ್ತು. ಮಾರಿ ಗೊತ್ತಿಲ್ಲ.

ಪ್ರಶ್ನೆ: ನನ್ನದು ಕಾನ್ಪುರದ .32 (ಗುಂಡಿನ ದಪ್ಪದ ಅಳತೆ, ಇಂಚಿನಲ್ಲಿ) ರಿವಾಲ್ವರ್. ಹತ್ತು ಗುಂಡು ಬೇಕಿತ್ತು. ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್ ಮಾಡಿದರೆ ಒಂದಕ್ಕೆ 140 ರೂಪಾಯಿ ಅಂದರು. ಶಿವಮೊಗ್ಗದವರು 165 ಅಂದರು. ಹುಬ್ಬಳ್ಳಿಗೆ ಹೋದರೆ ‘ಸ್ಟಾಕ್ ಮುಗಿಯಿತು, ಮುಂದಿನ ತಿಂಗಳು ಬನ್ನಿ’ ಎಂದು ಕಳಿಸಿದರು. ರಿವಾಲ್ವರ್ ಮೇಲೆ ಟ್ಯಾಕ್ಸ್ ಜಾಸ್ತಿಯಾಗಿದೆ, ಗುಂಡಿನ ದರವೂ ಏರುತ್ತದೆ ಎಂದೂ ಹೇಳಿದರು. ಎಲ್ಲಿ ಕೊಳ್ಳಲಿ? (ಯಲ್ಲಾಪುರ)

ಮೊದಲು 140 ಮತ್ತು 165ರ ಲೆಕ್ಕ ನೋಡೋಣ. ಗುಂಡಿನ ಮೇಲೆ ಜಿಎಸ್‌ಟಿ ಶೇಕಡಾ 18. ಹುಬ್ಬಳ್ಳಿಯವರು ಹೇಳಿದ 140 ತೆರಿಗೆ ಬಿಟ್ಟ ದರವಾಗಿದ್ದರೆ, ಅದಕ್ಕೆ 25 ರೂಪಾಯಿ 20 ಪೈಸೆ ಸೇರಿ 165 ರೂಪಾಯಿ 20 ಪೈಸೆ ಆಯಿತು. ಶಿವಮೊಗ್ಗದವರ 165 ತೆರಿಗೆ ಸೇರಿದ ದರವಾಗಿದ್ದರೆ ಅವರದೇ 20 ಪೈಸೆ ಕಮ್ಮಿ! ಒಬ್ಬರು ಟ್ಯಾಕ್ಸ್ ಸೇರಿಸಿ ಹೇಳುತ್ತಾರೆ, ಇನ್ನೊಬ್ಬರು ಬಿಟ್ಟು ಹೇಳುತ್ತಾರೆ. ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೇವೆ. ಅಡಿಕೆ ಮಂಡಿಯಲ್ಲಿ ಹಸಿ ಅಡಿಕೆಯ ದರಕ್ಕೂ ಒಣಗಿಸಿದ ಚಾಲಿಯ ದರಕ್ಕೂ ಹೋಲಿಕೆ ಮಾಡಿದ ಹಾಗೆ. ಆದ್ದರಿಂದ ಫೋನಿನಲ್ಲಿ ಕೇಳಬೇಕಾದದ್ದು ‘ಎಷ್ಟು’ ಎಂದಲ್ಲ. ‘ಬಿಲ್ಲಿನಲ್ಲಿ ಕೊನೆಗೆ ಎಷ್ಟು ಬರುತ್ತದೆ’ ಎಂದು ಕೇಳಿ.

ಟ್ಯಾಕ್ಸ್ ಏರಿದ ಮಾತು ಅರ್ಧ ನಿಜ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 40ಕ್ಕೆ ಹೋಗಿದೆ. ಅದು ಆಯುಧದ ಮಾತು. ಗುಂಡು ತೆರಿಗೆ ಪಟ್ಟಿಯಲ್ಲಿ ಬೇರೆ ಸಾಲಿನಲ್ಲಿದೆ. ಆಯುಧದ ತೆರಿಗೆ ತೋರಿಸಿ ಗುಂಡಿನ ದರ ಏರಿಸಿದರೆ ಬಿಲ್ಲಿನಲ್ಲಿ ಶೇಕಡಾವಾರು ಬರೆದುಕೊಡಿ ಎನ್ನಿ. ಜಗಳ ಬೇಡ, ಬಿಲ್ಲು ಸಾಕು.

ಸ್ಟಾಕ್ ಇಲ್ಲದ್ದಕ್ಕೆ ಅಂಗಡಿಯವರನ್ನು ಮಾತ್ರ ದೂರುವುದು ಸರಿಯಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ .32 ಗುಂಡು ಪುಣೆ ಹತ್ತಿರದ ಖಡ್ಕಿಯ ಮದ್ದುಗುಂಡು ಕಾರ್ಖಾನೆಯದು. 1869ರಷ್ಟು ಹಳೆಯ ಕಾರ್ಖಾನೆ. ಮೊದಲು ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯ ಕೈಕೆಳಗಿತ್ತು. 2021ರ ಅಕ್ಟೋಬರ್ 1ರಂದು ಮಂಡಳಿಯನ್ನು ಒಡೆದು ಏಳು ಕಂಪನಿ ಮಾಡಿದ ಮೇಲೆ ಖಡ್ಕಿ ಮ್ಯುನಿಷನ್ಸ್ ಇಂಡಿಯಾ ಕಂಪನಿಗೆ ಹೋಯಿತು. ನಿಮ್ಮ ರಿವಾಲ್ವರ್ ಮಾಡಿದ ಕಾನ್ಪುರದ ಕಾರ್ಖಾನೆ ಇನ್ನೊಂದು ಕಂಪನಿಗೆ. ಅಂದರೆ ಆಯುಧ ಒಂದು ಮನೆಯದು, ಗುಂಡು ದಾಯಾದಿ ಮನೆಯದು. ಖಡ್ಕಿಯ ಮುಖ್ಯ ಕೆಲಸ ಸೈನ್ಯದ್ದು, ನಮ್ಮಂಥವರ ಹತ್ತು ಇಪ್ಪತ್ತು ಗುಂಡು ಅವರಿಗೆ ಸಣ್ಣ ಬಾಬತ್ತು. ಅಂಗಡಿಯವರೂ ಬೇಕೆಂದಾಗ ಬೇಕಾದಷ್ಟು ತಂದು ಪೇರಿಸಿಡುವಂತಿಲ್ಲ. ಅವರ ಲೈಸೆನ್ಸಿಗೂ ಮಿತಿ ಇರುತ್ತದೆ, ತರುವುದಕ್ಕೂ ಕಾಗದಪತ್ರ ಬೇಕು. ಅದಕ್ಕೇ ಗುಂಡು ಬಂದಾಗ ಬರುತ್ತದೆ, ಇಲ್ಲದಾಗ ಎರಡು ತಿಂಗಳು ಇಲ್ಲ.

ಇನ್ನು ನಿಮ್ಮ ಓಡಾಟ. ಯಲ್ಲಾಪುರದಿಂದ ಹುಬ್ಬಳ್ಳಿ 70 ಕಿಲೋಮೀಟರ್ ಆಸುಪಾಸು. ಶಿವಮೊಗ್ಗ ಅದರ ಎರಡರಷ್ಟಕ್ಕೂ ಹೆಚ್ಚು ದೂರ. ಹತ್ತು ಗುಂಡಿನಲ್ಲಿ ಒಂದಕ್ಕೆ ಹತ್ತು ರೂಪಾಯಿ ಉಳಿದರೂ ಒಟ್ಟು ನೂರು ರೂಪಾಯಿ. ಒಂದು ದಿನದ ಕೆಲಸ ಬಿಟ್ಟು ಅಷ್ಟು ದೂರ ಹೋಗುವುದಕ್ಕೆ ಅದು ಸಾಲುವುದಿಲ್ಲ. ಹತ್ತಿರದ ಅಂಗಡಿಗೇ ಹೋಗಿ. ಹೊರಡುವ ಮೊದಲು ಫೋನು ಮಾಡಿ, ನಿಮ್ಮ ಗುಂಡಿನ ಪೂರ್ತಿ ಹೆಸರು ಹೇಳಿ, ಇದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಿ. ‘.32 ಎಸ್ ಅಂಡ್ ಡಬ್ಲ್ಯು ಲಾಂಗ್, ರಿವಾಲ್ವರಿನದು’ ಎಂದೇ ಹೇಳಬೇಕು (ಎಸ್ ಅಂಡ್ ಡಬ್ಲ್ಯು ಅಂದರೆ ಸ್ಮಿತ್ ಅಂಡ್ ವೆಸನ್). ಪೆಟ್ಟಿಗೆಯ ಮೇಲಿನ ವರ್ಷ ಯಾವುದು ಎಂದೂ ಕೇಳಿ. ನನ್ನ ಮಟ್ಟಿಗೆ ದರಕ್ಕಿಂತ ವರ್ಷ ದೊಡ್ಡದು. ಹೊಸ ಲಾಟಿನ ಗುಂಡಿಗೆ ಐದು ರೂಪಾಯಿ ಹೆಚ್ಚು ಕೊಡಲು ನಾನು ಹಿಂದೆ ಮುಂದೆ ನೋಡುವುದಿಲ್ಲ. ಯಾವ ಗೋದಾಮಿನಲ್ಲಿ ಎಷ್ಟು ಮಳೆಗಾಲ ಕಳೆದಿದೆಯೋ ತಿಳಿಯದ ಹಳೆಯ ಗುಂಡು ಅಗ್ಗಕ್ಕೆ ಬಂದರೂ ಬೇಡ.

ಲೈಸೆನ್ಸ್ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಹೋಗಬೇಕು. ಅದರಲ್ಲಿ ಎರಡು ಅಂಕೆ ಇರುತ್ತವೆ: ಒಂದು ಸಮಯಕ್ಕೆ ಎಷ್ಟು ಗುಂಡು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು. ಜನ ಎರಡನೆಯದನ್ನು ಮಾತ್ರ ನೋಡುತ್ತಾರೆ. ಮನೆಯಲ್ಲಿ ಹಳೆಯ ಗುಂಡು ಉಳಿದಿದ್ದರೆ ಹೊಸದೂ ಸೇರಿ ಮೊದಲ ಅಂಕೆ ಮೀರಬಾರದು. ಅಂಗಡಿಯವರು ದಿನಾಂಕ, ಸಂಖ್ಯೆ ಬರೆದು ಸಹಿ ಮಾಡಿ ಕೊಟ್ಟದ್ದನ್ನು ಅಲ್ಲೇ ನಿಂತು ಓದಿ. ಅವರ ರಿಜಿಸ್ಟರ್, ನಿಮ್ಮ ಪುಸ್ತಕ, ಬಿಲ್ಲು, ಮೂರರಲ್ಲೂ ಒಂದೇ ಸಂಖ್ಯೆ ಇರಬೇಕು.

ಹತ್ತು ಗುಂಡು ಸಾಕೇ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಸಾಕು. ನಿಮ್ಮ ರಿವಾಲ್ವರಿನ ಗುಂಡು ತುಂಬುವ ಸಿಲಿಂಡರಿನಲ್ಲಿ ಆರು ಮನೆ. ಸ್ವರಕ್ಷಣೆಗೆಂದು ಇಟ್ಟವರಿಗೆ ಹನ್ನೆರಡು ಒಳ್ಳೆಯ ಗುಂಡು ಇದ್ದರೆ ಹೆಚ್ಚೇ. ಐವತ್ತು ತಂದು ಕಪಾಟಿನಲ್ಲಿಟ್ಟವರ ಮನೆಯಲ್ಲಿ ನಾನು ನೋಡಿದ್ದು ಮೂವತ್ತೆಂಟು ಹಸಿರುಗಟ್ಟಿದ ಗುಂಡು.

ಪ್ರಶ್ನೆ: ನಮ್ಮ ಮನೆಯಿಂದ ಗೋವಾ ಗಡಿ ಅರ್ಧ ಗಂಟೆಯೂ ಇಲ್ಲ. ಅಲ್ಲಿ ಎಷ್ಟೋ ಸಾಮಾನು ಅಗ್ಗ. ಗುಂಡನ್ನೂ ಅಲ್ಲೇ ತರಬಹುದಲ್ಲ? (ಸದಾಶಿವಗಡ)

ನಿಮ್ಮ ಲೈಸೆನ್ಸಿನಲ್ಲಿ ‘ಮಾನ್ಯತೆಯ ವ್ಯಾಪ್ತಿ’ ಎಂಬ ಜಾಗ ಇದೆ, ಅಲ್ಲಿ ಏನು ಬರೆದಿದೆ ನೋಡಿ. ‘ಕರ್ನಾಟಕ ರಾಜ್ಯ’ ಎಂದಿದ್ದರೆ ಮಾಜಾಳಿ ಚೆಕ್‌ಪೋಸ್ಟ್ ದಾಟಿದ ಮೇಲೆ ಆ ಪುಸ್ತಕಕ್ಕೆ ಬೆಲೆ ಇಲ್ಲ. ಅಲ್ಲಿಂದ ಮುಂದೆ ನಿಮ್ಮ ಚೀಲದಲ್ಲಿರುವ ರಿವಾಲ್ವರ್ ಲೈಸೆನ್ಸ್ ಇಲ್ಲದ ರಿವಾಲ್ವರ್, ಗುಂಡು ಲೈಸೆನ್ಸ್ ಇಲ್ಲದ ಗುಂಡು. ‘ಇಡೀ ಭಾರತ’ ಎಂದಿದ್ದರೆ ಮಾತ್ರ ಗೋವೆಯ ಅಂಗಡಿಯ ಮೆಟ್ಟಿಲು ಹತ್ತಿ. ಪೆಟ್ರೋಲು ತುಂಬಿಸಿಕೊಂಡು ಬರುವಷ್ಟು ಸಲೀಸಲ್ಲ ಇದು. ಗಡಿಯ ಆಚೆ ಈಚೆ ನೆಂಟಸ್ತಿಕೆ ಇರುವ ಊರು ನಿಮ್ಮದು, ಹಬ್ಬ ಹರಿದಿನಕ್ಕೆ ಓಡಾಟ ಇದ್ದೇ ಇರುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಗುಂಡು ಮರೆತು ಗಡಿ ದಾಟಿದರೂ ಅದು ಅಪರಾಧದ ಲೆಕ್ಕಕ್ಕೇ ಬರುತ್ತದೆ. ಹೊರಡುವ ಮುಂಚೆ ಕಾರು ಒಮ್ಮೆ ತಡಕಾಡಿ.

ಪ್ರಶ್ನೆ: .32 ರಿವಾಲ್ವರ್ ಗುಂಡು ಸಿಗಲಿಲ್ಲ. ಅಂಗಡಿಯಲ್ಲಿ .32 ಪಿಸ್ತೂಲಿನ ಗುಂಡು ಬೇಕಾದಷ್ಟಿತ್ತು. ನಂಬರು ಒಂದೇ, ಕೈಯಲ್ಲಿ ಹಿಡಿದರೆ ದಪ್ಪವೂ ಒಂದೇ. ಅಳಿಯ ನಡೆಯುತ್ತದೆ ಅನ್ನುತ್ತಾನೆ. (ಶಿರಸಿ ತಾಲೂಕು)

ನಡೆಯುವುದಿಲ್ಲ. ಅಳಿಯನಿಗೂ ಈ ಪುಟ ಓದಿಸಿ.

ರಿವಾಲ್ವರಿನ .32 ಗುಂಡು 1896ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ತಂದದ್ದು. ಅದರ ಹಿತ್ತಾಳೆಯ ಕೋಶ ಸುಮಾರು 23 ಮಿಲಿಮೀಟರ್ ಉದ್ದ. ಬುಡಕ್ಕೆ ಬಳೆಯ ಹಾಗೆ ಹೊರಚಾಚಿದ ಅಂಚು ಇರುತ್ತದೆ. ಸಿಲಿಂಡರಿನ ಮನೆಯಲ್ಲಿ ಗುಂಡು ಒಳಕ್ಕೆ ಜಾರದಂತೆ ತಡೆದು ನಿಲ್ಲಿಸುವುದು, ಖಾಲಿ ಕೋಶವನ್ನು ಹೊರಗೆ ಎತ್ತಲು ಹಿಡಿ ಕೊಡುವುದು ಆ ಅಂಚೇ. ಪಿಸ್ತೂಲಿನ .32 ಎಂದರೆ 7.65 ಮಿಲಿಮೀಟರಿನ ಗುಂಡು, ಅದರ ಕೋಶ ಸುಮಾರು 17 ಮಿಲಿಮೀಟರ್. ಮ್ಯಾಗಜೀನಿನಲ್ಲಿ (ಪಿಸ್ತೂಲಿಗೆ ಗುಂಡು ಜೋಡಿಸುವ ಡಬ್ಬಿ) ಒಂದರ ಮೇಲೊಂದು ಕೂರಬೇಕಾದ್ದರಿಂದ ಅಂಚು ತೀರ ಸಣ್ಣದು. ಒಳಗಿನ ಒತ್ತಡ ಮಾತ್ರ ರಿವಾಲ್ವರಿನದಕ್ಕಿಂತ ಹೆಚ್ಚು. ಸಿಲಿಂಡರಿನ ಬಾಯಿಗೆ ಹಾಕಿದರೆ ಕೂತ ಹಾಗೆ ಕಾಣಬಹುದು, ಮೋಸ ಇರುವುದೇ ಅಲ್ಲಿ. ಕಡಿಮೆ ಒತ್ತಡಕ್ಕೆಂದು ಮಾಡಿದ, ಮಧ್ಯದಲ್ಲಿ ಮಡಚುವ ಹಳೆಯ ಮಾದರಿಯ ರಿವಾಲ್ವರಿನಲ್ಲಿ ಅದನ್ನು ಹಾರಿಸಿದರೆ ಕೀಲು ಸಡಿಲಾಗುತ್ತದೆ, ಕೋಶ ಸೀಳಬಹುದು. ಮುಖಕ್ಕೆ ಎಷ್ಟು ಹತ್ತಿರ ಹಿಡಿದಿರುತ್ತೀರಿ ಎಂದು ಯೋಚಿಸಿ.

ನನ್ನ ಬೆಂಚಿಗೆ ಒಮ್ಮೆ ಇಂಥದೇ ಒಂದು ಬಂದಿತ್ತು. ಖಾಸಗಿ ಆಯುಧ, ತಂದವರು ಪರಿಚಯದವರು. ಹಾರಿಸಿರಲಿಲ್ಲ, ಪುಣ್ಯ. ಪಿಸ್ತೂಲಿನ ಗುಂಡು ಸಿಲಿಂಡರಿನೊಳಗೆ ಸಿಕ್ಕಿ, ಕೋಶ ಎತ್ತುವ ನಕ್ಷತ್ರದಾಕಾರದ ಭಾಗ ಅದರ ಅಂಚಿನ ಮೇಲೆ ಜಾರಿ ಕೂತುಬಿಟ್ಟಿತ್ತು. ಜೀವಂತ ಗುಂಡನ್ನು ಹೊಡೆದು ತೆಗೆಯುವ ಹಾಗಿಲ್ಲ, ಬಿಸಿ ಮಾಡುವ ಹಾಗಿಲ್ಲ. ನಳಿಗೆಯನ್ನು ಮರಳು ತುಂಬಿದ ಪೆಟ್ಟಿಗೆಯ ಕಡೆ ತಿರುಗಿಸಿಟ್ಟುಕೊಂಡು ಒಂದು ಗಂಟೆ ಬೆವರಿದ್ದೇನೆ. ಆ ಗಂಟೆಯ ನೆನಪಿಗೇ ಇಷ್ಟು ಖಡಾಖಂಡಿತವಾಗಿ ಬರೆಯುತ್ತಿದ್ದೇನೆ.

ಗುಂಡಿನ ಬುಡ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಖಡ್ಕಿಯದಾದರೆ ಕೆ ಮತ್ತು ಎಫ್ ಎಂಬ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಪೆಟ್ಟಿಗೆಯ ಮೇಲೆ ಗುಂಡಿನ ಪೂರ್ತಿ ಹೆಸರು ಇರುತ್ತದೆ. ಪೆಟ್ಟಿಗೆ ಇಲ್ಲದೆ ಕಾಗದದಲ್ಲಿ ಕಟ್ಟಿ ಕೊಟ್ಟ ಗುಂಡನ್ನು ತೆಗೆದುಕೊಳ್ಳಲೇಬೇಡಿ.

ಇದೇ ಪತ್ರದ ಕೊನೆಯಲ್ಲಿ, ತೋಟಕ್ಕೆ ಬರುವ ಮಂಗಗಳನ್ನು ಓಡಿಸಲು ರಿವಾಲ್ವರ್ ಬಳಸಬಹುದೇ ಎಂದೂ ಕೇಳಿದ್ದೀರಿ. ಬಳಸಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅದು ಸಾಲದೆಂದು ಕಂಡರೆ ಉದ್ದ ನಳಿಗೆಯ ಬಂದೂಕನ್ನು. ರಿವಾಲ್ವರ್ ಕೊಟ್ಟದ್ದು ನಿಮ್ಮ ಜೀವರಕ್ಷಣೆಗೆ. ಅಡಿಕೆ ಮರದ ತುದಿಗೆ ಗುರಿಯಿಟ್ಟ ಸೀಸದ ಗುಂಡು ಗುರಿ ತಪ್ಪಿದರೆ ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಪಕ್ಕದ ತೋಟದ ಮರದ ಮೇಲೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಇರುತ್ತಾನೆ, ಅವನು ಎಲೆಯ ಮರೆಯಲ್ಲಿ ನಿಮಗೆ ಕಾಣುವುದೂ ಇಲ್ಲ.

ಪ್ರಶ್ನೆ: ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ಅವರ ರಿವಾಲ್ವರ್ ಕಪಾಟಿನಲ್ಲೇ ಇದೆ. ಜೊತೆಗೆ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹದಿನೇಳು ಗುಂಡು, ಕೆಲವು ಹಸಿರಾಗಿವೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಶರಾವತಿಗೆ ಎಸೆದುಬಿಡು ಅನ್ನುತ್ತಾನೆ. ಈಗ ಗುಂಡಿಗೆ ಒಳ್ಳೆಯ ದರ ಇದೆಯಂತೆ, ಮಾರಿದರೆ ಏನಾದರೂ ಬರುತ್ತದೆಯೇ? ಅಮ್ಮನಿಗೆ ಆ ಕಪಾಟು ತೆರೆಯಲೂ ಹೆದರಿಕೆ. (ಹೊನ್ನಾವರ)

ತಂಗೀ, ಈ ಪತ್ರವನ್ನು ನಾನು ಮೂರು ಸಲ ಓದಿದೆ. ನಮ್ಮ ಮನೆಯಲ್ಲೇ ಹೀಗಾಗಿತ್ತು. ಸೋದರಮಾವ ತೀರಿಕೊಂಡಾಗ ನಾನು ರಜೆಯಲ್ಲಿ ಊರಿಗೆ ಬಂದಿದ್ದೆ. ಅವರ ಕೋವಿಯನ್ನು ಠಾಣೆಗೆ ಕೊಟ್ಟಾಗಿತ್ತು. ತೋಟಾದ, ಅಂದರೆ ಕೋವಿಯ ಗುಂಡಿನ, ವಿಷಯ ಯಾರಿಗೂ ನೆನಪಿರಲಿಲ್ಲ. ಎರಡು ವರ್ಷದ ಮೇಲೆ ಮೆತ್ತಿನ ಮೇಲಿದ್ದ ಅಕ್ಕಿ ಮುಡಿಯ ಹಿಂದೆ ಹನ್ನೊಂದು ತೋಟಾ ಸಿಕ್ಕವು. ಅವನ್ನು ಕಂಡವನು ಅವರ ಆರು ವರ್ಷದ ಮೊಮ್ಮಗ. ಒಂದನ್ನು ಒಲೆಯ ಹತ್ತಿರ ತಂದು ಅಜ್ಜಿಗೆ ತೋರಿಸಿದ. ಅತ್ತೆ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಸಂಜೆಯವರೆಗೆ ಹಾಗೇ ಕೂತಿದ್ದರಂತೆ, ಏನು ಮಾಡಬೇಕೆಂದು ತಿಳಿಯದೆ.

ಹೊಳೆಗೆ ಎಸೆಯಬೇಡಿ. ಬೆಂಕಿಗಂತೂ ಸುತರಾಂ ಬೇಡ. ಹೊಳೆಗೆ ಎಸೆದ ಗುಂಡು ಬಲೆಯಲ್ಲೋ ಚಿಪ್ಪು ಆರಿಸುವವರ ಬುಟ್ಟಿಯಲ್ಲೋ ಮೇಲೆ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಅಪ್ಪನ ಲೈಸೆನ್ಸ್ ಪುಸ್ತಕದಲ್ಲಿ ಕೊಂಡ ಸಂಖ್ಯೆ ಬರೆದಿದೆ. ಉಳಿದದ್ದು ಎಲ್ಲಿ ಎಂದು ಕೇಳಿದರೆ ಹೊಳೆ ತೋರಿಸಲು ಆಗುವುದಿಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮು ಇಂಥ ಸಂದರ್ಭಕ್ಕೇ ಇದೆ. ಲೈಸೆನ್ಸುದಾರ ತೀರಿಕೊಂಡರೆ ಆಯುಧ, ಗುಂಡು ಎರಡನ್ನೂ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಶಸ್ತ್ರದಂಗಡಿಯಲ್ಲಿ ಠೇವಣಿ ಇಡಬೇಕು. ಏಳು ತಿಂಗಳು ತಡವಾಗಿದೆ, ನಿಜ. ನಾಳೆ ಎಂಟಾಗುವುದು ಬೇಡ. ಡಬ್ಬವನ್ನೂ ರಿವಾಲ್ವರನ್ನೂ ನೀವೇ ಎತ್ತಿಕೊಂಡು ಬಸ್ ಹತ್ತಬೇಡಿ. ಮೊದಲು ಮರಣ ಪ್ರಮಾಣಪತ್ರದ ಪ್ರತಿ, ಲೈಸೆನ್ಸ್ ಪುಸ್ತಕ ಹಿಡಿದು ಠಾಣೆಗೆ ಹೋಗಿ, ಬರವಣಿಗೆಯಲ್ಲಿ ತಿಳಿಸಿ, ಆಯುಧವನ್ನು ತರುವ ಬಗೆ ಹೇಗೆಂದು ಕೇಳಿ. ರಿವಾಲ್ವರಿನಲ್ಲಿ ಗುಂಡು ತುಂಬಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ, ನೀವು ಮುಟ್ಟಿ ನೋಡಲು ಹೋಗಬೇಡಿ. ಒಪ್ಪಿಸಿದಾಗ ರಸೀದಿಯಲ್ಲಿ ರಿವಾಲ್ವರಿನ ನಂಬರು ಮತ್ತು ‘ಹದಿನೇಳು ಗುಂಡು’ ಎಂದು ಅಕ್ಷರದಲ್ಲಿ ಬರೆಸಿಕೊಳ್ಳಿ.

ಮಾರಾಟದ ಮಾತು. ಹಸಿರುಗಟ್ಟಿದ ಗುಂಡಿಗೆ ದರವೇ ಇಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಠೇವಣಿ ಇಟ್ಟ ರಿವಾಲ್ವರನ್ನು ಕಾನೂನು ಪ್ರಕಾರ ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕು ವಾರಸುದಾರರಿಗೆ ಇದೆ. ಮಾರುವುದು ಬೇಡ, ಅಪ್ಪನ ನೆನಪಿಗೆ ಮನೆಯಲ್ಲೇ ಇರಲಿ ಎಂದರೆ ನೀವೋ ಅಣ್ಣನೋ ಒಬ್ಬರು ವಾರಸಾ ಲೈಸೆನ್ಸಿಗೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. ಉಳಿದವರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಹೆಣ್ಣುಮಗಳು ಹಾಕಬಾರದೆಂದೇನೂ ಇಲ್ಲ.

ಇದನ್ನು ಓದುವ ಹಿರಿಯರಿಗೆ ಇಲ್ಲೇ ಒಂದು ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ ನಿಮಗೆ 70 ವರ್ಷ ತುಂಬಿದ್ದರೆ, ಅಥವಾ ಆಯುಧ ನಿಮ್ಮ ಬಳಿ 25 ವರ್ಷ ಇದ್ದರೆ, ನೀವು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಲೈಸೆನ್ಸ್ ಕೇಳಬಹುದು. ತೋಟ ಗದ್ದೆಗೆ ವಾಟ್ಣಿ (ಪಾಲು) ಪತ್ರ ಮಾಡಿಡುತ್ತೀರಿ, ಇದಕ್ಕೂ ಮಾಡಿ.

ಪ್ರಶ್ನೆ: ನೆರೆಮನೆಯವರ ಬಳಿಯೂ ಅದೇ ರಿವಾಲ್ವರ್ ಇದೆ, ಲೈಸೆನ್ಸೂ ಇದೆ. ಅವರ ಬಳಿ ಗುಂಡು ಉಳಿದಿದೆ. ಹತ್ತು ಕೈಸಾಲ ತಗೊಂಡು ಆಮೇಲೆ ವಾಪಸು ಕೊಡಬಹುದೇ? (ಸಿದ್ದಾಪುರ)

ನಮ್ಮ ಕಡೆ ಎಲ್ಲವೂ ಕೈಸಾಲ ನಡೆಯುತ್ತದೆ. ಬೀಜದ ಭತ್ತ, ದೋಟಿ, ಮದುವೆಗೆ ಹಂಡೆ. ಗುಂಡು ನಡೆಯುವುದಿಲ್ಲ. ಲೈಸೆನ್ಸ್ ಇರುವ ಒಬ್ಬರು ಇನ್ನೊಬ್ಬ ಲೈಸೆನ್ಸುದಾರರಿಗೆ ಕೊಡಬಹುದೆಂದು ಕಾಯ್ದೆಯ 5ನೇ ಕಲಮಿನಲ್ಲಿ ದಾರಿ ಇದೆ. ಆದರೆ ಕೊಡುವವರು ಮೊದಲು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ತಿಳಿಸಿದ ಮೇಲೆ 45 ದಿನ ಕಾಯಬೇಕು. ಅಷ್ಟರೊಳಗೆ ನೀವು ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದಿರುತ್ತೀರಿ. ಕದ್ದುಮುಚ್ಚಿ ತಗೊಂಡರೆ ಅವರ ಪುಸ್ತಕದಲ್ಲಿ ಹತ್ತು ಕಮ್ಮಿ, ನಿಮ್ಮ ಮನೆಯಲ್ಲಿ ಹತ್ತು ಹೆಚ್ಚು, ಇಬ್ಬರ ಲೆಕ್ಕವೂ ತಪ್ಪು. ನವೀಕರಣದ ಹೊತ್ತಿಗೆ ಇಬ್ಬರೂ ಕಚೇರಿ ಅಲೆಯಬೇಕಾಗುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಒಂದು ಸಂದೇಶ ಬಂದಿದೆ. .32 ಗುಂಡು ಅರ್ಧ ದರಕ್ಕೆ, ಮನೆ ಬಾಗಿಲಿಗೆ, ಲೈಸೆನ್ಸ್ ಫೋಟೊ ಮತ್ತು ಮುಂಗಡ ಕಳಿಸಿದರೆ ಸಾಕು. (ಕುಮಟಾ)

ಕಳಿಸಬೇಡಿ. ಗುಂಡನ್ನು ಕೊರಿಯರಿನಲ್ಲಿ ಮನೆಗೆ ಮಾರುವ ವ್ಯಾಪಾರ ಕಾನೂನಿನಲ್ಲಿಲ್ಲ. ಹೆಚ್ಚಾಗಿ ದುಡ್ಡು ಹೋಗುತ್ತದೆ, ಗುಂಡು ಬರುವುದಿಲ್ಲ. ಬಂದರೆ ಇನ್ನೂ ಕಷ್ಟ, ಬಿಲ್ಲಿಲ್ಲದ ಗುಂಡು ಇಟ್ಟುಕೊಂಡ ಅಪರಾಧ ನಿಮ್ಮ ತಲೆಗೆ. ಲೈಸೆನ್ಸಿನ ಫೋಟೊ ಅಂದರೆ ನಿಮ್ಮ ಮನೆ ವಿಳಾಸ, ಆಯುಧದ ನಂಬರು, ನಿಮ್ಮ ಸಹಿ ಎಲ್ಲವೂ ಗೊತ್ತಿಲ್ಲದವನ ಕೈಗೆ. ಮುಂಗಡ ಕಳಿಸಿಬಿಟ್ಟಿದ್ದರೆ ಈ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಚುನಾವಣೆ ಬಂದಾಗ ರಿವಾಲ್ವರ್ ಠಾಣೆಗೆ ಕೊಡಿ ಅನ್ನುತ್ತಾರೆ. ಗುಂಡನ್ನೂ ಕೊಡಬೇಕೇ? (ಹಳಿಯಾಳ)

ಠೇವಣಿ ಇಡಿ ಎಂದು ಬಂದ ಆದೇಶವನ್ನು ಓದಿ ನೋಡಿ. ಗುಂಡು ಸಹಿತ ಎಂದಿದ್ದರೆ ಗುಂಡೂ ಹೋಗಬೇಕು. ಕೊಡುವಾಗ ಎಣಿಸಿ ಕೊಡಿ, ರಸೀದಿಯಲ್ಲಿ ಬರೆಸಿ, ತರುವಾಗ ಎಣಿಸಿ ತನ್ನಿ. 2024ರ ಮೇ 7ರ ಲೋಕಸಭಾ ಮತದಾನದ ಮೊದಲು ಕೊಟ್ಟ ರಿವಾಲ್ವರನ್ನು ಮಳೆ ಹಿಡಿದ ಮೇಲೆ ತಂದವರಿದ್ದಾರೆ. ಚರ್ಮದ ಚೀಲದೊಳಗೇ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ನಳಿಗೆಯ ಮೇಲೆ ತುಕ್ಕಿನ ಚುಕ್ಕಿ. ಎಣ್ಣೆ ಸವರಿ, ಚರ್ಮದಿಂದ ಹೊರತೆಗೆದು, ಒಣ ಬಟ್ಟೆಯಲ್ಲಿ ಸುತ್ತಿ ಕೊಡಿ.

ಪ್ರಶ್ನೆ: ಸಮುದ್ರದ ದಂಡೆಯ ಮನೆ. ಗುಂಡು ಎಷ್ಟು ವರ್ಷ ಬಾಳುತ್ತದೆ? ಮೂರು ವರ್ಷಕ್ಕೇ ಹಸಿರಾಗುತ್ತಿದೆ. ಈ ದರದಲ್ಲಿ ಪದೇ ಪದೇ ಕೊಳ್ಳಲಾಗುವುದಿಲ್ಲ. (ಕಾರವಾರ)

ಎಲ್ಲಿ ಇಡುತ್ತೀರಿ ಎಂದು ಬರೆದಿಲ್ಲ. ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ಸಿಕ್ಕಿಸಿ ಇಟ್ಟಿದ್ದೀರಿ ಎಂದು ನನ್ನ ಊಹೆ. ಹಸಿರು ಕಿಲುಬಿಗೆ ಮೊದಲ ಕಾರಣ ಅದೇ. ಚರ್ಮ ಹದ ಮಾಡುವಾಗ ಸೇರಿದ ಆಮ್ಲದ ಅಂಶ ಅದರಲ್ಲಿ ಉಳಿದಿರುತ್ತದೆ, ಗಾಳಿಯ ತೇವವನ್ನೂ ಚರ್ಮ ಹೀರಿಕೊಳ್ಳುತ್ತದೆ. ಎರಡೂ ಸೇರಿ ಹಿತ್ತಾಳೆಯ ತಾಮ್ರವನ್ನು ತಿನ್ನುತ್ತವೆ. ದೇವರ ಮನೆಯ ತಾಮ್ರದ ತಂಬಿಗೆಗೆ ಹುಳಿ ತಾಗಿ ಬಿಟ್ಟರೆ ಏನಾಗುತ್ತದೆಯೋ ಅದೇ. ನಮ್ಮ ಕರಾವಳಿಯಲ್ಲಿ ಉಪ್ಪಿನ ಗಾಳಿಯೂ ಜೊತೆಗೂಡುತ್ತದೆ.

ನಾನು ಮಾಡುವುದನ್ನು ಹೇಳುತ್ತೇನೆ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಕಾರ್ಖಾನೆಯ ಪೆಟ್ಟಿಗೆ ಹಾಗೇ ಇರಲಿ, ಪಕ್ಕದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದೇ ಹರಳು. ಡಬ್ಬ ಮುಚ್ಚುವ ದಿನ ಒಣಹವೆಯ ದಿನವಾಗಿರಬೇಕು. ಮಾರ್ಚ್, ಏಪ್ರಿಲಿನಲ್ಲಿ ಮಧ್ಯಾಹ್ನ ಮುಚ್ಚಿದರೆ ಮಳೆಗಾಲ ಕಳೆಯುವವರೆಗೆ ತೆರೆಯಬೇಡಿ. ಜುಲೈಯಲ್ಲಿ ಕುತೂಹಲಕ್ಕೆಂದು ತೆರೆದು ನೋಡಿದರೆ ಒಳಗೆ ತೇವ ತುಂಬಿ ಮುಚ್ಚಿದ ಹಾಗೆ. ಡಬ್ಬ ಬೀಗದ ಕಪಾಟಿನಲ್ಲಿ, ರಿವಾಲ್ವರ್ ಬೇರೆ ಬೀಗದಲ್ಲಿ. ಅಡಿಗೆ ಮನೆಯ ಅಟ್ಟ ಬೆಚ್ಚಗಿರುತ್ತದೆಂದು ಕೆಲವರು ಅಲ್ಲಿ ಇಡುತ್ತಾರೆ. ಹಗಲು ಕಾವು, ರಾತ್ರಿ ತಂಪು, ನಡುವೆ ಅನ್ನದ ಹಬೆ. ಗುಂಡಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ.

ಗುಂಡಿಗೆ ಎಣ್ಣೆ ಹಚ್ಚಬೇಡಿ. ಆಯುಧಕ್ಕೆ ಎಣ್ಣೆ ಬೇಕು, ಗುಂಡಿಗೆ ಬೇಡ. ಬುಡದ ನಡುವೆ ಕಾಣುವ ಸಣ್ಣ ಬಿಲ್ಲೆಯಂಥ, ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನ ಅಂಚಿನಿಂದ ಎಣ್ಣೆ ಒಳಗಿಳಿದರೆ ಆ ಗುಂಡು ಸತ್ತ ಹಾಗೆ, ನೋಡಲು ಮಾತ್ರ ಹೊಳೆಯುತ್ತಿರುತ್ತದೆ.

ಚೆನ್ನಾಗಿ ಇಟ್ಟ ಕಾರ್ಖಾನೆಯ ಗುಂಡು ಹತ್ತು ವರ್ಷ ಸಲೀಸಾಗಿ ಬಾಳುತ್ತದೆ. ಮಂಕಾದ ಹಿತ್ತಾಳೆಗೆ ಹೆದರಬೇಡಿ, ಒಣಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಉಗುರಿಗೆ ತಾಗುವಷ್ಟು ಹಸಿರು ಪುಡಿ, ಕೋಶದಲ್ಲಿ ಗುಳಿ, ಕೂದಲೆಳೆಯಷ್ಟು ಬಿರುಕು, ಅಲುಗಾಡುವ ಸೀಸ, ಇವುಗಳಲ್ಲಿ ಒಂದು ಕಂಡರೂ ಆ ಗುಂಡನ್ನು ಬೇರೆ ಇಡಿ. ಉಜ್ಜಿ ತೊಳೆದು ಮತ್ತೆ ಬಳಸಲು ಹೋಗಬೇಡಿ. ಅಂಗಡಿಗೆ ಅಥವಾ ಠಾಣೆಗೆ ಒಪ್ಪಿಸಿ, ಒಪ್ಪಿಸಿದ ಸಂಖ್ಯೆಗೆ ರಸೀದಿ ಪಡೆಯಿರಿ.

ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಹಳೆಯ ಗುಂಡು ಹಾರಿಸುವಾಗ ಕುದುರೆ (ಗುಂಡಿನ ಬುಡಕ್ಕೆ ಬಡಿಯುವ ಸುತ್ತಿಗೆ) ಬಿದ್ದೂ ಸದ್ದು ಬರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ನಿಧಾನವಾಗಿ ಮೂವತ್ತು ಎಣಿಸಿ. ಅದು ತಡವಾಗಿ ಸಿಡಿಯಬಹುದು. ಕುದುರೆಯನ್ನು ಮತ್ತೆ ಎಳೆಯಬೇಡಿ, ತಿರುಗಿಸಿ ಒಳಗೆ ಇಣುಕಬೇಡಿ. ಮೂವತ್ತು ಆದ ಮೇಲೆ ರೇಂಜಿನವರನ್ನು ಕರೆದು ಅವರೆದುರೇ ಸಿಲಿಂಡರ್ ತೆರೆಯಿರಿ. ಆ ಗುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರಬೇಡಿ.